ಮಣ್ಣು ಬುಟ್ಟಿಗೆ ಬೀಳದ ಹಾಗೆ: ಕಾರ್ಕಳದಿಂದ ಮೇಗರವಳ್ಳಿವರೆಗೆ ಅಣಬೆಯ ಹಿಂದೆ

ಶುಕ್ರವಾರ, ಕಾರ್ಕಳ

ಜೂನ್ ಮೊದಲ ವಾರ ಕಳೆದಿತ್ತು. ಕರಾವಳಿಯಲ್ಲಿ ಮಳೆ ಹಿಡಿದಿದೆ, ಗುಡುಗೂ ಜೋರಾಗಿತ್ತು ಅಂತ ಗೆಳತಿ ಫೋನ್ ಮಾಡಿದಳು. ನಾನೂ ತಮ್ಮನೂ ಬೆಂಗಳೂರಿನಿಂದ ರಾತ್ರಿಯೇ ಹೊರಟೆವು. ಈ ಸಲ ದೇವಸ್ಥಾನ, ಜಲಪಾತ ಯಾವುದೂ ಪಟ್ಟಿಯಲ್ಲಿ ಇರಲಿಲ್ಲ. ಅಣಬೆ ಮಾತ್ರ. ಘಟ್ಟದ ಕೆಳಗೆ ಗೆಳತಿಯ ಮನೆಯಲ್ಲಿ ಕಲ್ಲಣಬೆ, ಘಟ್ಟ ಹತ್ತಿದ ಮೇಲೆ ದೊಡ್ಡಮ್ಮನ ಊರಿನಲ್ಲಿ ಹೆಗ್ಗಾಲಣಬೆ. ತಿನ್ನೋದು ಹೇಗೂ ಇದ್ದೇ ಇತ್ತು. ನನಗೆ ನೋಡಬೇಕಿದ್ದದ್ದು ಬೇರೆ. ಕೈಗೆ ಸಿಕ್ಕಿದ ಗಳಿಗೆಯಿಂದ ಒಲೆ ಏರುವವರೆಗೆ ಇವರು ಅಣಬೆಯನ್ನು ಮಣ್ಣು ಮರಳಿಲ್ಲದೆ ಹೇಗೆ ಕಾಪಾಡುತ್ತಾರೆ? ಪೇಟೆಯವರು ಒಮ್ಮೆ ಕಾಡಣಬೆ ತಂದು ಮಾಡಿ, ಮತ್ತೆ ಆ ಕಡೆ ತಲೆ ಹಾಕದೇ ಇರೋದು ಬಹಳ ಸಲ ರುಚಿಯ ಕಾರಣಕ್ಕಲ್ಲ, ಹಲ್ಲಿಗೆ ಸಿಕ್ಕುವ ಮರಳಿನ ಕಾರಣಕ್ಕೆ.

ಕಾರ್ಕಳ ಪೇಟೆಯಲ್ಲೇ ಕಲ್ಲಣಬೆ ಕಣ್ಣಿಗೆ ಬಿತ್ತು. ರಸ್ತೆ ಬದಿ ಗೋಣಿ ಹಾಸಿಕೊಂಡು ಇಬ್ಬರು ಹೆಂಗಸರು ಮಾರುತ್ತಿದ್ದರು. ಕೆಂಪು ಮಣ್ಣು ಮೆತ್ತಿದ ಪುಟ್ಟ ಪುಟ್ಟ ಉಂಡೆಗಳು. ಮಣ್ಣು ಸಮೇತವೇ ಮಾರಾಟ. ಬೆಲೆ ಕೋಳಿಗಿಂತ ಜಾಸ್ತಿ, ಆದರೂ ನಾವು ನೋಡುತ್ತಿದ್ದ ಹಾಗೇ ಅರ್ಧ ಗೋಣಿ ಖಾಲಿ.

ಮಧ್ಯಾಹ್ನ ಮಳೆ ಬಿಟ್ಟಾಗ ಗೆಳತಿಯ ಅಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ಮುರಕಲ್ಲಿನ ನೆಲ, ಮೇಲೆ ಬೋಗಿ ಮರಗಳು. ಕಲ್ಲಣಬೆ ಈ ಮರಗಳ ಬೇರಿನ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಂಡು ಬೆಳೆಯುವಂಥದ್ದು. ಮರ ಸಕ್ಕರೆ ಕೊಡುತ್ತೆ, ಅಣಬೆ ನೆಲದಿಂದ ನೀರು, ಖನಿಜ ಎಳೆದುಕೊಡುತ್ತೆ. ಹಾಗಾಗಿ ಬೋಗಿ ಕಡಿದು ಬೇರೆ ಏನಾದರೂ ನೆಟ್ಟ ಕಡೆ ಕಲ್ಲಣಬೆಯೂ ಹೋಯ್ತು ಅಂತ ಅವರು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ತುಳುವಿನಲ್ಲಿ ಇದಕ್ಕೆ ಕಲ್ಲಲಾಂಬು ಅನ್ನುತ್ತಾರೆ. ಶಾಸ್ತ್ರದ ಪುಸ್ತಕದಲ್ಲಿ ಆಸ್ಟ್ರಿಯಸ್ ಕುಲ.

ಇದಕ್ಕೆ ಕೊಡೆ ಇಲ್ಲ, ಕಾಲಿಲ್ಲ. ಮಣ್ಣಿನಲ್ಲಿ ಅರ್ಧ ಹೂತು ಕೂತಿರುತ್ತೆ. ಅಮ್ಮ ಒಂದು ಚೂಪು ಕೋಲಿನಿಂದ ಮೇಲ್ಮಣ್ಣನ್ನು ಮಾತ್ರ ಕೆದಕುತ್ತಿದ್ದರು. ಸಿಕ್ಕಿದ್ದನ್ನು ಒರೆಸಲೂ ಇಲ್ಲ, ಸುಮ್ನೆ ಬುಟ್ಟಿಗೆ ಹಾಕಿದರು. ಬುಟ್ಟಿಯ ತಳಕ್ಕೆ ಉಪ್ಪಳಿಗೆ ಎಲೆ.

"ಮಣ್ಣು ಹೋಗಲಿಕ್ಕೆ ನೀರೇ ಬೇಕು ಮಗಾ. ಇಲ್ಲಿ ಎಷ್ಟು ಒರೆಸಿದರೂ ದಂಡ."

ಮನೆಗೆ ಬಂದ ಮೇಲೆ ಬಾವಿಕಟ್ಟೆಯಲ್ಲಿ ತೊಳೆಯುವ ಕೆಲಸ. ಕಲ್ಲಣಬೆಯನ್ನೆಲ್ಲ ಬೆತ್ತದ ಬುಟ್ಟಿಗೆ ಸುರಿದು, ಬುಟ್ಟಿಯನ್ನೇ ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಎರಡೂ ಕೈಯಿಂದ ಉಜ್ಜಿದರು. ಒಂದಕ್ಕೊಂದು ತಿಕ್ಕಿ, ಬುಟ್ಟಿಯ ಒರಟಿಗೆ ತಿಕ್ಕಿ ಮಣ್ಣು ಬಿಡುತ್ತೆ, ಬುಟ್ಟಿಯ ಕಣ್ಣಿನಿಂದ ಕೆಳಗೆ ಇಳಿಯುತ್ತೆ. ನೀರು ಚೆಲ್ಲಿ ಮತ್ತೆ ಹೊಸ ನೀರು. ಕೆಂಪು ನೀರು ತಿಳಿಯಾಗುವ ತನಕ ಬಿಡಲಿಲ್ಲ. ಇಷ್ಟು ನೀರು ಕುಡಿಸಿದರೆ ಅಣಬೆ ಹಾಳಾಗಲ್ವಾ ಅಂತ ಕೇಳಿದೆ. ಕಲ್ಲಣಬೆಗೆ ಗಟ್ಟಿ ಸಿಪ್ಪೆ ಇದೆ, ಮಣ್ಣೆಲ್ಲ ಹೊರಗೇ ಇರುತ್ತೆ, ನೀರು ಒಳಗೆ ಇಳಿಯಲ್ಲ. ಆದ್ದರಿಂದ ತೊಳೆದು ಮುಗಿದ ಮೇಲೆಯೇ ಕತ್ತರಿಸಬೇಕು. ಮೊದಲು ಕತ್ತರಿಸಿ ಆಮೇಲೆ ತೊಳೆದರೆ ಆ ಕೆಂಪು ನೀರೆಲ್ಲ ಬಿಳಿ ತಿರುಳಿಗೆ ಸೇರಿಕೊಂಡಿತು.

ಪ್ರತಿಯೊಂದನ್ನೂ ಎರಡು ಹೋಳು ಮಾಡಿ ನೋಡಿದರು. ಒಂದನ್ನೂ ಬಿಡಲಿಲ್ಲ. ಒಳಗೆ ಪೂರ್ತಿ ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ಪಾತ್ರೆಗೆ. ಕಂದು ತಿರುಗಿದ್ದರೆ, ಪುಡಿ ಆಗಿದ್ದರೆ ಹೊರಗೆ. ಬಲಿತ ಮೇಲೆ ಇದರ ಹೊರಸಿಪ್ಪೆ ಸೀಳಿ ನಕ್ಷತ್ರದ ಆಕಾರಕ್ಕೆ ಬಿಚ್ಚಿಕೊಳ್ಳುತ್ತೆ, ಆಗ ತಿನ್ನಲು ಬರೋದಿಲ್ಲ. ಹೋಳು ಮಾಡಿ ನೋಡೋದರಿಂದ ಇನ್ನೊಂದು ಲಾಭವೂ ಇದೆ. ಕೆಲವು ವಿಷದ ಅಣಬೆಗಳು ಎಳೆಯದಾಗಿದ್ದಾಗ ಹೀಗೇ ಉಂಡೆಯಾಗಿ ಇರುತ್ತವೆ. ಕತ್ತರಿಸಿದರೆ ಒಳಗೆ ಕೊಡೆ, ಕಾಲಿನ ಗೆರೆ ಮೂಡಿರುತ್ತೆ. ಅಂಥದ್ದು ಕಂಡರೆ ಯೋಚನೆ ಮಾಡದೆ ಎಸೆಯಬೇಕು.

ರಾತ್ರಿ ನೀರುದೋಸೆ, ಕಲ್ಲಣಬೆ ಗಸಿ. ಹೊರಸಿಪ್ಪೆ ಹಲ್ಲಿಗೆ ಕಟಂ ಅಂತ ಸಿಕ್ಕುತ್ತೆ, ಒಳಗೆ ಮೆತ್ತಗೆ. ಮರಳಿನ ಸುಳಿವೂ ಇರಲಿಲ್ಲ.

ಶನಿವಾರ, ಘಟ್ಟ

ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದೆವು. ಹದಿನಾಲ್ಕು ತಿರುವು, ಅರ್ಧಕ್ಕೆ ಮೋಡದೊಳಗೆ ಹೋಗಿಬಿಟ್ಟೆವು. ಒಂದು ತಿರುವಿನ ಅಂಚಿನಲ್ಲಿ ಬಿದ್ದ ಮರದ ಮೇಲೆ ಸಾಲು ಸಾಲು ಅಣಬೆ. ತಮ್ಮ ಕಾರು ನಿಲ್ಲಿಸಲು ಹೋದ. ನಾನು ಬೇಡ ಅಂದೆ. ಅದು ಸೋಮೇಶ್ವರ ವನ್ಯಜೀವಿ ಧಾಮ, ಅಲ್ಲಿಂದ ಏನನ್ನೂ ಕಿತ್ತು ತರುವಂತಿಲ್ಲ. ಅದಲ್ಲದೆ ಇಡೀ ದಿನ ಗಾಡಿ ಓಡಾಡುವ ರಸ್ತೆ ಬದಿಯ ಅಣಬೆಯನ್ನು ಎಲ್ಲಿಯದ್ದೇ ಆದರೂ ತಿನ್ನಬಾರದು. ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಅಣಬೆ ನೆಲದಿಂದ ಹೀರಿ ಮೈಯೊಳಗೆ ಇಟ್ಟುಕೊಳ್ಳುತ್ತೆ. ಅದನ್ನು ಯಾವ ನೀರೂ ತೊಳೆಯೋದಿಲ್ಲ.

ಮೇಗರವಳ್ಳಿ ದಾಟಿ ಒಳದಾರಿ ಹಿಡಿದು ದೊಡ್ಡಮ್ಮನ ಮನೆ ಮುಟ್ಟುವಾಗ ಸಂಜೆ. ಅಂಗಳದಲ್ಲಿ ನೀಲಿ ಕಲೆಯ ಡ್ರಮ್ಮು, ಸುಣ್ಣದ ಚೀಲ. ದೊಡ್ಡಪ್ಪ ಅವತ್ತೇ ತೋಟಕ್ಕೆ ಔಷಧಿ ಹೊಡೆಸಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ವರದಿ ಬರೆದರು. ಮಲೆನಾಡಿನ ಅಡಿಕೆ ತೋಟ ಇವತ್ತಿಗೂ ಮಳೆಗಾಲ ದಾಟೋದು ಈ ದ್ರಾವಣದ ಬಲದಲ್ಲೇ.

"ತೋಟದ ಕಡೆ ಅಣಬೆ ಕಂಡ್ರೂ ಮುಟ್ಬೇಡಿ. ಮೇಲಿಂದ ಇಳಿದಿದ್ದೆಲ್ಲಾ ಅದರ ತಲೆ ಮೇಲೇ ಬಿದ್ದಿರ್ತದೆ. ನಾಳೆ ಸೊಪ್ಪಿನಬೆಟ್ಟಕ್ಕೆ ಹೋಗಣ" ಅಂದರು ದೊಡ್ಡಪ್ಪ. ಸೊಪ್ಪಿನಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು.

ಅಣಬೆ ಶುಚಿಯಾಗಿರೋದು ಬೀಳೋ ಮಣ್ಣಿಗಿಂತ ಮೊದಲು ಅದು ಏಳುವ ಜಾಗಕ್ಕೆ ಸೇರಿದ ಸಂಗತಿ. ತಾಮ್ರದ ನೀರು ಕುಡಿದ ಅಣಬೆ ನೋಡಲು ಎಷ್ಟೇ ಬೆಳ್ಳಗಿದ್ದರೂ ಕೊಳಕೇ.

ಭಾನುವಾರ, ಸೊಪ್ಪಿನಬೆಟ್ಟ

ಬೆಳಗ್ಗೆ ಬೆಳಕು ಹರಿಯುವ ಮೊದಲೇ ದೊಡ್ಡಮ್ಮ ಎಬ್ಬಿಸಿದರು. ಇಷ್ಟು ಬೇಗ ಯಾಕೆ ಅಂದರೆ, ರಾತ್ರಿ ಎದ್ದ ಅಣಬೆ ಬೆಳಗ್ಗೆ ಮೊಗ್ಗಾಗಿರುತ್ತೆ. ಬಿಸಿಲೇರಿದರೆ ಕೊಡೆ ಬಿಚ್ಚುತ್ತೆ, ನೊಣ ಕೂರುತ್ತೆ, ಮೊಟ್ಟೆ ಇಡುತ್ತೆ. ಇನ್ನೊಂದು ಮಳೆ ಬಂತೋ, ಹನಿ ಬಿದ್ದ ರಭಸಕ್ಕೆ ನೆಲದ ಮಣ್ಣು ಚಿಮ್ಮಿ ಕೊಡೆಯ ಅಡಿಗೆ ಮೆತ್ತುತ್ತೆ. ಮೊಗ್ಗಿನಲ್ಲಿ ಆ ತೊಂದರೆ ಇಲ್ಲ, ಒಳಗಿನ ಪದರ ಮುಚ್ಚಿಕೊಂಡೇ ಇರುತ್ತೆ.

ಸಲಕರಣೆ ಅಂತ ಹೆಚ್ಚೇನಿಲ್ಲ. ಎರಡು ಬಿದಿರಿನ ಬುಟ್ಟಿ, ಬಾಳೆಎಲೆ, ಸಣ್ಣ ಚೂರಿ, ಹಳೆಯ ಟೂತ್ ಬ್ರಷ್, ಒಂದು ಒಣಬಟ್ಟೆ. ಉಂಬಳ, ಅಂದರೆ ಜಿಗಣೆ ಹತ್ತದ ಹಾಗೆ ಸುಣ್ಣ, ಹೊಗೆಸೊಪ್ಪು ಕಾಲಿಗೆ ಹಚ್ಚಿಕೊಂಡೆವು. ತಮ್ಮ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. ದೊಡ್ಡಮ್ಮ ಅದನ್ನು ಇಸಿದುಕೊಂಡು ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದರು. ಅಣಬೆಯ ಮೈಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಕಿತ್ತ ಮೇಲೂ ಅದು ಉಸಿರಾಡುತ್ತೆ. ಗಾಳಿ ಇಲ್ಲದ ಕವರಿನಲ್ಲಿ ಬೆವತು, ಬಿಸಿಯಾಗಿ, ಅರ್ಧ ದಿನದಲ್ಲಿ ಲೋಳೆ ಬಿಡುತ್ತೆ. ಆ ಲೋಳೆಗೆ ಮಣ್ಣು ಅಂಟಿತು ಅಂದರೆ ಆಮೇಲೆ ತೆಗೆಯುವ ಮಾತೇ ಇಲ್ಲ.

ಹಳೆಯ ಹುತ್ತದ ಆಚೆ, ದರಗು ಮುಚ್ಚಿದ ಇಳಿಜಾರಿನಲ್ಲಿ ಹೆಗ್ಗಾಲಣಬೆ ಎದ್ದಿತ್ತು. ಒಂದಲ್ಲ, ಇಡೀ ಹಿಂಡು. ನಡುವೆ ಚೂಪು ಮೊನೆ ಇರುವ ಬೂದು ಬಿಳಿ ಕೊಡೆಗಳು, ದಪ್ಪ ಕಾಲು. ದೊಡ್ಡಮ್ಮ ಅಲ್ಲೇ ನಿಂತು ಕೈ ಮುಗಿದರು. ಪ್ರತಿ ವರ್ಷ ಇದೇ ಜಾಗದಲ್ಲಿ ಏಳುತ್ತಂತೆ. ಏಳಲೇಬೇಕು, ಯಾಕೆಂದರೆ ಇದು ಗೆದ್ದಲಿನ ಅಣಬೆ, ಟರ್ಮಿಟೊಮೈಸಿಸ್. ಗೆದ್ದಲು ನೆಲದೊಳಗೆ ತಾನು ಅಗಿದ ಎಲೆ, ಕಟ್ಟಿಗೆಯ ಮೇಲೆ ಇದನ್ನು ಬೆಳೆಸಿಕೊಂಡಿರುತ್ತೆ. ಅದೇ ಅದರ ಊಟ. ಮಳೆ ಬಿದ್ದಾಗ ಆ ಗೂಡಿನಿಂದ ಒಂದು ಉದ್ದ ಬಾಲ ಮೇಲಕ್ಕೆ ಬಂದು ನೆಲ ಸೀಳಿ ಕೊಡೆ ಬಿಚ್ಚುತ್ತೆ. ಆ ಬಾಲ ಕೆಲವು ಸಲ ಮೊಳಕ್ಕಿಂತ ಉದ್ದ ಇರುತ್ತೆ.

ತಮ್ಮ ಬಗ್ಗಿ ಕೈ ಹಾಕುವಷ್ಟರಲ್ಲಿ ದೊಡ್ಡಮ್ಮ ತಡೆದರು.

"ತಡಿ ಮಾರಾಯ. ಮೊದ್ಲು ದರಗು ಸರಿಸು. ಅದರ ಸುತ್ತ ನೆಲ ಕಾಣ್ಬೇಕು."

ಹಿಂಡಿನ ಸುತ್ತ ಒಣಎಲೆ, ಕಡ್ಡಿ ಎಲ್ಲವನ್ನೂ ಕೈಯಿಂದ ಮೆಲ್ಲಗೆ ಸರಿಸಿದರು. ಹೀಗೆ ಮಾಡದೆ ಎಳೆದರೆ ದರಗಿನ ಚೂರು ಕೊಡೆಯ ಮೇಲೂ ಅಡಿಗೂ ಬಿದ್ದು ಒದ್ದೆಗೆ ಅಂಟಿಕೊಳ್ಳುತ್ತೆ. ಆಮೇಲೆ ಕಾಲಿನ ಬುಡಕ್ಕೆ ಬೆರಳು ಹಾಕಿ, ಕೊಡೆಯನ್ನು ಮುಟ್ಟದೆ, ಸ್ವಲ್ಪ ತಿರುಗಿಸಿ ಎತ್ತಿದರು. ಬಾಲ ಅರ್ಧಕ್ಕೆ ತುಂಡಾಯ್ತು. ಉಳಿದದ್ದು ಗೂಡಿನಲ್ಲೇ ಇರಲಿ, ಅಗೆಯಬಾರದು, ಅಗೆದರೆ ಗೆದ್ದಲಿನ ಮನೆ ಕೆಡುತ್ತೆ ಅಂದರು.

ಇನ್ನು ಮುಂದಿನದು ನಾನು ನೋಡಲು ಬಂದದ್ದು. ಅಣಬೆಯನ್ನು ನೆಟ್ಟಗೆ, ಕೊಡೆ ಮೇಲಾಗಿ ಹಿಡಿದು, ಮಣ್ಣು ಹಿಡಿದ ಬಾಲವನ್ನು ಅಲ್ಲೇ ಕತ್ತರಿಸಿದರು. ಕತ್ತರಿಸುವಾಗ ಬುಟ್ಟಿ ಪಕ್ಕದಲ್ಲಿ ಇರಲಿಲ್ಲ, ಎರಡು ಹೆಜ್ಜೆ ಆಚೆ ಇತ್ತು. ಚೂರಿಯ ಅಲಗಿನಿಂದ ಕಾಲನ್ನು ಮೇಲಿನಿಂದ ಕೆಳಕ್ಕೆ ಹೆರೆದರು. ಕೆಳಗಿನಿಂದ ಮೇಲಕ್ಕೆ ಒಂದು ಸಲವೂ ಇಲ್ಲ, ಹೆರೆದ ಮಣ್ಣು ಕೊಡೆಯ ಅಡಿಗೆ ಹೋಗಬಾರದಲ್ಲ. ಕೊಡೆಯ ಮೇಲಿನ ಮಣ್ಣನ್ನು ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ತಳ್ಳಿದರು. ಚೂರಿಯನ್ನು ಬಟ್ಟೆಗೆ ಒರೆಸಿದರು. ಪ್ರತಿ ಅಣಬೆಗೂ ಒರೆಸಿದರು. ಆಮೇಲೆ ಬುಟ್ಟಿಯಲ್ಲಿ ಬಾಳೆಎಲೆಯ ಮೇಲೆ ಕೊಡೆಯನ್ನು ಸಹಜವಾಗಿ, ಅಂದರೆ ಅಡಿಭಾಗ ಕೆಳಗಾಗಿ ಕೂರಿಸಿದರು. ಮಗುಚಿ ಇಡಲಿಲ್ಲ.

ಕೊಡೆಯ ಅಡಿಯ ಪದರಗಳು ಪುಸ್ತಕದ ಹಾಳೆಗಳ ಹಾಗೆ ಒತ್ತೊತ್ತಾಗಿ ಇರುತ್ತವೆ. ಅದರ ನಡುವೆ ಒಂದು ಚಿಟಿಕೆ ಮರಳು ಹೋದರೂ ಹೊರಗೆ ಬರೋದಿಲ್ಲ. ನೀರು ಹಾಕಿದರೆ ಇನ್ನೂ ಆಳಕ್ಕೆ ಹೋಗುತ್ತೆ, ಉಜ್ಜಿದರೆ ಪದರವೇ ಹರಿಯುತ್ತೆ. ದೊಡ್ಡಮ್ಮನ ಕೈಚಳಕವೆಲ್ಲ ಇರೋದು ಈ ಒಂದು ಜಾಗವನ್ನು ಕಾಯೋದರಲ್ಲಿ. ಮೊನ್ನೆ ಕಲ್ಲಣಬೆಗೆ ಹೊಂದಿದ ರೀತಿ ಇವತ್ತು ಹೆಗ್ಗಾಲಣಬೆಗೆ ಹೊಂದಲ್ಲ. ಅದನ್ನು ಮಣ್ಣು ಸಮೇತ ತಂದು ಮನೆಯಲ್ಲಿ ತೊಳೆಯಬಹುದು. ಇದನ್ನು ಬೆಟ್ಟದಲ್ಲೇ ಮುಗಿಸಬೇಕು. ಮನೆಗೆ ಬಂದ ಮೇಲೆ ತೊಳೆಯೋಣ ಅಂತ ಅಂದುಕೊಂಡರೆ ದಾರಿಯುದ್ದಕ್ಕೂ ಒಂದರ ಬಾಲದ ಮಣ್ಣು ಇನ್ನೊಂದರ ಕೊಡೆಗೆ ಉದುರುತ್ತಲೇ ಬರುತ್ತೆ.

ಮೊಗ್ಗು ಒಂದು ಬುಟ್ಟಿಗೆ, ಬಿಚ್ಚಿದ್ದು ಇನ್ನೊಂದಕ್ಕೆ. ಎರಡು ಸಾಲಾದ ಮೇಲೆ ನಡುವೆ ಇನ್ನೊಂದು ಬಾಳೆಎಲೆ. ಬುಟ್ಟಿ ತುಂಬಿಸಲಿಲ್ಲ, ಮೇಲೆ ಒತ್ತಲೂ ಇಲ್ಲ. ಹುಳ ಹಿಡಿದವು, ಕೊಡೆ ಮೇಲಕ್ಕೆ ಮಗುಚಿದ ಮುದಿಯವು ಅಲ್ಲೇ ಉಳಿದವು.

ಮನೆಯ ಜಗಲಿಯಲ್ಲಿ ಮೊರ ಹಾಕಿಕೊಂಡು ಎರಡನೇ ಸುತ್ತು. ಕಾಲಿನ ಹೊರಸಿಪ್ಪೆ ಉಗುರಿಗೆ ಸಿಕ್ಕಿ ನಾರು ನಾರಾಗಿ ಬಿಡುತ್ತೆ, ಅದರ ಜೊತೆ ಉಳಿದ ಮಣ್ಣೂ ಬಂತು. ಆಮೇಲೆ ಕಾಲನ್ನು ಉದ್ದಕ್ಕೆ ಸೀಳಿ ನೋಡಿದರು. ಸಣ್ಣ ಸಣ್ಣ ತೂತಿನ ದಾರಿ ಕಂಡರೆ ಒಳಗೆ ಹುಳ ಇದೆ ಅಂತ. ಚೆನ್ನಾಗಿದ್ದದ್ದನ್ನು ಕೈಯಿಂದಲೇ ಸೀಳಿ ಇಟ್ಟರು.

ಕೊನೆಗೆ ಮಾತ್ರ ನೀರು. ಉಪ್ಪು, ಅರಿಶಿನ ಹಾಕಿದ ಅಗಲ ಪಾತ್ರೆ. ಒಂದೊಂದು ಹಿಡಿ ಹಾಕಿ, ಕೈಯಾಡಿಸಿ, ತಕ್ಷಣ ಕೈಯಿಂದಲೇ ಎತ್ತಿ ಕಣ್ಣಿನ ಪಾತ್ರೆಗೆ. ನೆನೆಸಲಿಲ್ಲ. ಪಾತ್ರೆಯನ್ನು ಬಗ್ಗಿಸಿ ಸುರಿಯಲೂ ಇಲ್ಲ. ಮರಳು ತಳಕ್ಕೆ ಕೂತಿರುತ್ತೆ, ಬಗ್ಗಿಸಿದರೆ ಅದೇ ಮರಳು ಮತ್ತೆ ಅಣಬೆಯ ಮೇಲೆ ಬೀಳುತ್ತೆ. ಇಷ್ಟು ಸಣ್ಣ ವಿಷಯ, ಆದರೆ ಪೇಟೆಯ ಅಡುಗೆಮನೆಗಳಲ್ಲಿ ನಾನು ನೋಡಿದವರೆಲ್ಲ ಬಗ್ಗಿಸಿಯೇ ಸುರಿಯುತ್ತಾರೆ.

ಪಕ್ಕದ ಮನೆಯ ಅಜ್ಜಿ ಬಂದು ಕೂತಿದ್ದರು. "ಅರಿಶಿನ ಕಪ್ಪಾಗ್ಲಿಲ್ಲ, ವಿಷ ಇಲ್ಲ ಬಿಡು" ಅಂದರು. ಈ ಮಾತು ಬಹಳ ಕಡೆ ಕೇಳಿದ್ದೇನೆ. ಬೆಳ್ಳಿ ನಾಣ್ಯ, ಬೆಳ್ಳುಳ್ಳಿಯ ಹೆಸರಿನಲ್ಲೂ ಕೇಳಿದ್ದೇನೆ. ಮೂರೂ ಸುಳ್ಳು, ಇದನ್ನು ನಂಬಿ ಜೀವ ಕಳೆದುಕೊಳ್ಳಬಾರದು. ಕೆಲವು ಅಮಾನಿಟ ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಅನ್ನುವ ವಿಷ ಅರಿಶಿನಕ್ಕೆ ಬಣ್ಣ ಕೊಡಲ್ಲ, ತೊಳೆದರೆ ಹೋಗಲ್ಲ, ಎಷ್ಟು ಬೇಯಿಸಿದರೂ ಸಾಯಲ್ಲ. ತಿಂದ ಆರು ಗಂಟೆಯಿಂದ ಒಂದು ದಿನದವರೆಗೆ ಏನೂ ಗೊತ್ತಾಗೋದಿಲ್ಲ, ಗೊತ್ತಾಗುವಾಗ ಯಕೃತ್ತಿಗೆ ಏಟು ಬಿದ್ದಿರುತ್ತೆ. ಅಜ್ಜಿಗೆ ಇದನ್ನು ಮೆಲ್ಲಗೆ ಹೇಳಿದೆ. ದೊಡ್ಡಮ್ಮ ಇನ್ನೂ ಮೆಲ್ಲಗೆ ಹೇಳಿದರು, "ಅರಿಶಿನ ಹುಳಕ್ಕೆ ಹಾಕದು ಅಜ್ಜಿ. ಅಣಬೆ ಯಾವ್ದು ಅಂತ ಬೆಟ್ಟದಲ್ಲೇ ಗೊತ್ತಿರ್ಬೇಕು."

ಮಧ್ಯಾಹ್ನ ಕಡುಬು, ಹೆಗ್ಗಾಲಣಬೆ ಸಾರು. ಯಾರೂ ಜಾಸ್ತಿ ಮಾತಾಡಲಿಲ್ಲ.

ಸೋಮವಾರ, ಮನೆಯ ಸುತ್ತ

ಮಳೆ ಬಿಡಲೇ ಇಲ್ಲ. ಬೆಟ್ಟ ಬೇಡ ಅಂತ ಆಯ್ತು. ಹತ್ತು ಗಂಟೆಗೆ ಒಂದಿಷ್ಟು ಹೊಳವಾದಾಗ ಕಣದ ಅಂಚಿನಲ್ಲಿ ನುಚ್ಚಣಬೆ ಎದ್ದದ್ದು ಕಂಡಿತು. ಬೆರಳಿನ ತುದಿಯಷ್ಟು ಕೊಡೆಗಳು, ನೆಲ ಬೆಳ್ಳಗೆ ಕಾಣುವಷ್ಟು. ಇದೂ ಗೆದ್ದಲಿನ ಅಣಬೆಯೇ. ಗೆದ್ದಲು ಗೂಡಿನೊಳಗಿನ ಹಳೆಯ ಚೂರುಗಳನ್ನು ಹೊರಗೆ ತಂದು ಹರಡಿದ ಕಡೆ ಏಳುತ್ತೆ, ಹಾಗಾಗಿ ಉದ್ದ ಬಾಲ ಇಲ್ಲ.

ಇಷ್ಟು ಸಣ್ಣದಕ್ಕೆ ಬ್ರಷ್ಷು, ಚೂರಿ ಯಾವುದೂ ನಡೆಯಲ್ಲ. ಕಿತ್ತರಂತೂ ಪ್ರತಿಯೊಂದರ ಬುಡದಲ್ಲೂ ಮಣ್ಣಿನ ಹರಳು ಬರುತ್ತೆ. ದೊಡ್ಡಮ್ಮ ಒಳಗಿನಿಂದ ಬಟ್ಟೆ ಕತ್ತರಿ ತಂದರು. ಒಂದು ಗೊಂಚಲನ್ನು ಬೆರಳಿನಲ್ಲಿ ಸೇರಿಸಿ ಹಿಡಿದು, ನೆಲದಿಂದ ಒಂದು ಗೆರೆ ಮೇಲೆ ಕತ್ತರಿಸಿ, ಹಾಗೇ ಬಟ್ಟಲಿಗೆ. ಆಮೇಲೆ ಅಗಲ ಪಾತ್ರೆಯ ನೀರಿಗೆ ಬಿಟ್ಟರೆ ಅಣಬೆ ತೇಲುತ್ತೆ, ಮಣ್ಣು ಮುಳುಗುತ್ತೆ. ಬೊಗಸೆಯಲ್ಲಿ ಎತ್ತಿ ಎರಡನೇ ಪಾತ್ರೆಗೆ, ಅಲ್ಲಿಂದ ಮೂರನೆಯದಕ್ಕೆ. ಸಣ್ಣ ಕೊಡೆ, ನೀರು ಹಿಡಿಯುವ ಮೊದಲೇ ಕೆಲಸ ಮುಗಿದಿರುತ್ತೆ.

ಸಂಜೆ ಪಕ್ಕದ ಮನೆಯ ಹುಡುಗ ಗೊಬ್ಬರಗುಂಡಿಯ ಹತ್ತಿರದ ಹುಲ್ಲಿನಲ್ಲಿ ದೊಡ್ಡ ಬಿಳಿ ಅಣಬೆ ಇದೆ ಅಂತ ಓಡಿ ಬಂದ. ತಟ್ಟೆಯಷ್ಟು ಅಗಲ, ಮೇಲೆ ಕಂದು ಹೊಪ್ಪಳಿಕೆ, ಕಾಲಿಗೆ ಬಳೆ. ನೋಡಲು ಆಸೆ ಹುಟ್ಟಿಸುವಂತಿತ್ತು. ಇಲ್ಲಿ ಬೆಟ್ಟದ ನಿಯಮ ತಲೆಕೆಳಗಾಗುತ್ತೆ. ಗೊತ್ತಿರುವ ಅಣಬೆಯ ಬುಡವನ್ನು ಅಲ್ಲೇ ಕತ್ತರಿಸಬೇಕು. ಗೊತ್ತಿಲ್ಲದ್ದನ್ನು ಬುಡ ಸಮೇತ, ಮಣ್ಣು ಸಮೇತ ಎತ್ತಬೇಕು. ವಿಷದ ಅಮಾನಿಟಗಳ ಬುಡದಲ್ಲಿ ಒಂದು ಚೀಲ ಇರುತ್ತೆ, ಅದು ಬಹಳ ಸಲ ಮಣ್ಣಿನೊಳಗೇ ಹೂತಿರುತ್ತೆ. ಚೊಕ್ಕಟ ಮಾಡುವ ಆತುರದಲ್ಲಿ ಮೇಲೆ ಕತ್ತರಿಸಿದರೆ ಗುರುತಿಸುವ ಮುಖ್ಯ ಸಾಕ್ಷಿಯೇ ನೆಲದಲ್ಲಿ ಉಳಿಯಿತು. ಇದರ ಸುತ್ತ ಅಗೆದು ನೋಡಿದೆವು, ಚೀಲ ಇರಲಿಲ್ಲ. ಆದರೂ ಕಾಗದದಲ್ಲಿ ಸುತ್ತಿ, ಊಟದ ಬುಟ್ಟಿಯಿಂದ ದೂರ, ಕೊಟ್ಟಿಗೆಯ ಮಾಡಿನ ಕೆಳಗೆ ಇಟ್ಟೆ. ತಿನ್ನುವ ಅಣಬೆಯ ಜೊತೆ ಇಂಥದ್ದರ ಒಂದು ಚೂರೂ ಬೆರೆಯಬಾರದು. ನನ್ನ ಪ್ರಕಾರ ಶುಚಿಯ ಮೊದಲ ಅರ್ಥ ಇದು, ಮಣ್ಣಿನದು ಆಮೇಲೆ.

ಪದರಗಳಿಂದ ಉದುರುವ ಬೀಜಕಣದ ಪುಡಿಯ ಬಣ್ಣ ನೋಡಿ ಗುರುತಿಸಲು, ರಾತ್ರಿ ಅದರ ಕೊಡೆ ಬಿಡಿಸಿ, ಬಿಳಿ ಕಾಗದದ ಮೇಲೆ ಅಡಿಭಾಗ ಕೆಳಗಾಗಿ ಇಟ್ಟು ಬಟ್ಟಲು ಮುಚ್ಚಿದೆ. ಇನ್ನೊಂದು ಕಾಗದದ ಮೇಲೆ ಭಾನುವಾರ ಉಳಿಸಿಕೊಂಡಿದ್ದ ಒಂದು ಹೆಗ್ಗಾಲಣಬೆಯ ಕೊಡೆ.

ಮಂಗಳವಾರ, ವಾಪಸ್ಸು

ಬೆಳಗ್ಗೆ ಬಟ್ಟಲು ಎತ್ತಿದಾಗ ಹುಡುಗನೂ ಪಕ್ಕದಲ್ಲಿ ಇದ್ದ. ಹೆಗ್ಗಾಲಣಬೆಯ ಕಾಗದದಲ್ಲಿ ತೆಳು ಗುಲಾಬಿ ಪುಡಿ. ಇನ್ನೊಂದರಲ್ಲಿ ಹಸಿರು. ಪಾಚಿ ಬಣ್ಣಕ್ಕೆ ಹತ್ತಿರದ, ಅನುಮಾನವೇ ಇಲ್ಲದ ಹಸಿರು. ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್. ಹುಲ್ಲು, ಗೊಬ್ಬರ, ಪಾರ್ಕುಗಳಲ್ಲಿ ಏಳುವ ಅಣಬೆ. ಎಳೆಯದಿದ್ದಾಗ ಅಡಿ ಬೆಳ್ಳಗೇ ಇರೋದರಿಂದ ಜನ ಮೋಸ ಹೋಗುತ್ತಾರೆ. ತಿಂದರೆ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಹುಡುಗ ಎರಡೂ ಕಾಗದವನ್ನು ಶಾಲೆಗೆ ತಗೊಂಡು ಹೋಗುತ್ತೇನೆ ಅಂದ. ಮಡಿಸಿ ಕೊಟ್ಟು, ಕೈ ಸೋಪಿನಲ್ಲಿ ತೊಳೆಸಿದೆ.

ಬೆಂಗಳೂರಿಗೆ ಒಯ್ಯಲು ದೊಡ್ಡಮ್ಮ ಹೊಸದಾಗಿ ತಂದ ಮೊಗ್ಗುಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲನ್ನು ಉಪ್ಪು, ಅರಿಶಿನ ಹಾಕಿ ನೀರಿಲ್ಲದೆ ಬಾಣಲೆಯಲ್ಲಿ ಬಾಡಿಸಿದರು. ಅದರದ್ದೇ ನೀರು ಬಿಟ್ಟು, ಆ ನೀರು ಆರಿದ ಮೇಲೆ ತಣಿಸಿ ಸ್ಟೀಲ್ ಡಬ್ಬಿಗೆ ತುಂಬಿದರು. ಇನ್ನೊಂದು ಪಾಲು ಹಸಿ. ತೊಳೆಯದೆ, ಬರೀ ಹೆರೆದು ಬ್ರಷ್ ಮಾಡಿದ್ದು. ಬಿದಿರಿನ ಬುಟ್ಟಿಯಲ್ಲಿ ಕಾಗದ, ಮೊಗ್ಗು, ಮತ್ತೆ ಕಾಗದ. ಎ.ಸಿ. ಹಾಕಿದ ಕಾರಿನ ಹಿಂದಿನ ಸೀಟಿನ ಕೆಳಗೆ ಜಾಗ. ಡಿಕ್ಕಿಯಲ್ಲಿ ಇಡಬೇಡಿ, ಅಲ್ಲಿ ಬೇಯುತ್ತೆ ಅಂತ ಎರಡು ಸಲ ಹೇಳಿದರು. ಅಟ್ಟದ ಮೇಲೆ ಒಲೆಯ ಹೊಗೆಗೆ ಒಣಗಿಸಿಟ್ಟಿದ್ದ ಹೋದ ವರ್ಷದ ಅಣಬೆಯೂ ಒಂದು ಪೊಟ್ಟಣ ಬಂತು.

ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಮನೆ ಸೇರುವಾಗ ಕತ್ತಲಾಗಿತ್ತು. ಬುಟ್ಟಿಯ ಕಾಗದ ಸ್ವಲ್ಪ ಒದ್ದೆಯಾಗಿತ್ತು, ಮೊಗ್ಗು ಗಟ್ಟಿಯಾಗೇ ಇದ್ದವು. ಎರಡು ಮಾತ್ರ ಬಿಚ್ಚಿಕೊಂಡಿದ್ದವು. ಹಸಿಯದನ್ನು ಅವತ್ತೇ ಮಾಡಿದೆವು, ಡಬ್ಬಿಯದನ್ನು ಮಾರನೇ ದಿನ ಪಲ್ಯಕ್ಕೆ ಹಾಕಿದೆ. ನುಚ್ಚಣಬೆ ಮಾತ್ರ ತರಲಿಲ್ಲ. ಅದು ಅಷ್ಟು ದಾರಿ ತಡೆಯೋದಿಲ್ಲ, ಅಲ್ಲೇ ಕೂತು ತಿನ್ನಬೇಕು.